ಶ್ರೀ ಚಿಗಟರಾಯರ ಸನ್ನಿಧಾನಕ್ಕೆ, ಬೋಳು ಹೊಟ್ಟೆಯ ಬೆಕ್ಕಿನ ಮನೆಯಿಂದ

ಮಹಾರಾಜರಾಜಶ್ರೀ ಚಿಗಟರಾಯರಿಗೂ ಸೌಭಾಗ್ಯವತಿ ಚಿಗಟಮ್ಮನವರಿಗೂ, ತಮ್ಮ ವಾಸಕ್ಕೆ ಬೆಕ್ಕನ್ನೂ ಉಪಾಹಾರಕ್ಕೆ ಸ್ವಂತ ಕಾಲುಗಳನ್ನೂ ಒದಗಿಸಿ ಧನ್ಯರಾದ ಈ ಮನೆಯವರು ಮಾಡುವ ಅನಂತಾನಂತ ನಮಸ್ಕಾರಗಳು.

ಇತ್ತ ಕಡೆ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಮ್ಮ ಬೆಕ್ಕು ಸುಬ್ಬಿಯ ಮಟ್ಟಿಗೆ ಆ ವಾಡಿಕೆ ಪಾಲಿಸಲಾಗುತ್ತಿಲ್ಲ, ಮನ್ನಿಸಬೇಕು. ಅವಳ ಹೊಟ್ಟೆ ನುಣ್ಣಗಾಗಿದೆ. ತೊಡೆಯ ಒಳಭಾಗ, ಪಕ್ಕೆ, ಬಾಲದ ಬುಡ, ಎಲ್ಲಿ ನೋಡಿದರೂ ಗುಲಾಬಿ ಬಣ್ಣದ ಚರ್ಮ. ಕೂದಲು ತಾನಾಗಿ ಉದುರಿದ್ದಲ್ಲ, ಅವಳೇ ನೆಕ್ಕಿ ನೆಕ್ಕಿ ಕಿತ್ತದ್ದು. ಊಟದ ನಡುವೆ ಎದ್ದು ನೆಕ್ಕುತ್ತಾಳೆ, ನಿದ್ದೆಯಿಂದ ಎದ್ದು ನೆಕ್ಕುತ್ತಾಳೆ, ನೆಂಟರು ಬಂದು ಸೋಫಾದಲ್ಲಿ ಕೂತ ಕೂಡಲೇ ಒಂದು ಕಾಲನ್ನು ಸೂರಿಗೆ ಎತ್ತಿ ಅವರೆದುರಿಗೇ ನೆಕ್ಕುತ್ತಾಳೆ. ಅತ್ತ ಕಡೆ ತಾವು ಸಪರಿವಾರ ಸುಖವಾಗಿದ್ದೀರೆಂಬ ಸುದ್ದಿ ನಮಗೆ ಮುಟ್ಟಿದ್ದು ಹೀಗೆ. ಪರಮಾನಂದವಾಯಿತು.

ಮೊದಲು ತಮ್ಮ ವಿನಯಕ್ಕೆ ತಲೆಬಾಗಬೇಕು. ಸೊಳ್ಳೆ ಕಿವಿಯ ಬಳಿ ಬಂದು ತನ್ನ ಆಗಮನವನ್ನು ಸಾರಿಕೊಳ್ಳುತ್ತದೆ. ತಿಗಣೆ ಹಾಸಿಗೆಯ ಮೇಲೆ ಕಲೆಗಳನ್ನು ಬಿಟ್ಟು ಹೋಗುತ್ತದೆ. ತಾವೋ, ಎರಡು ಮಿಲಿಮೀಟರಿನ, ಎರಡೂ ಪಕ್ಕದಿಂದ ಚಪ್ಪಟೆಯಾದ ಆ ದೇಹವನ್ನು ಕೂದಲಿನ ನಡುವೆ ಜಾರಿಸಿಕೊಂಡು ಮಾಯವಾಗುತ್ತೀರಿ. ವಿಜ್ಞಾನಿಗಳು ಬೆಕ್ಕಿನ ಹೆಸರನ್ನೇ ಸೇರಿಸಿ ತಮಗೆ ಕ್ಟೆನೊಸೆಫಾಲಿಡಿಸ್ ಫೆಲಿಸ್ ಎಂದು ನಾಮಕರಣ ಮಾಡಿದ್ದರೂ, ನಾಯಿ, ಮೊಲ, ಮನುಷ್ಯ ಎಂದು ತಾವು ಭೇದವೆಣಿಸಿದವರಲ್ಲ. ಆದರೂ ಇಷ್ಟು ಉದಾರಿಗಳಾದ ತಮ್ಮ ದರ್ಶನ ಮಾತ್ರ ದುರ್ಲಭ.

ಈ ಗುಟ್ಟನ್ನು ಕಾಯುತ್ತಿರುವವಳು ಸ್ವತಃ ಸುಬ್ಬಿ ಎಂಬುದೇ ಈ ವ್ಯವಹಾರದ ಸೊಗಸು. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳ ತುದಿ ಪೊಳ್ಳಾಗಿರುತ್ತದೆ, ಆ ಪೊಳ್ಳು ಎಂಜಲನ್ನು ಹೀರಿಕೊಂಡು ಚರ್ಮದ ತನಕ ಒಯ್ಯುತ್ತದೆ ಎಂದು ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ 2018ರಲ್ಲಿ ತೋರಿಸಿಕೊಟ್ಟರು. ಅಂಥ ಸಾಧನದಿಂದ ದಿನವಿಡೀ ಬಾಚಿಕೊಳ್ಳುವವಳ ಮೈಮೇಲೆ ತಮ್ಮವರು ಎಷ್ಟು ಹೊತ್ತು ಉಳಿದಾರು? ಬಹಳ ಮಂದಿ ನಾಲಿಗೆಗೆ ಸಿಕ್ಕಿ ಹೊಟ್ಟೆ ಸೇರುತ್ತಾರೆ. ಕಡಿಸಿಕೊಂಡವಳೇ ಸಾಕ್ಷಿಯನ್ನು ನುಂಗಿಬಿಟ್ಟಳು. ಆಮೇಲೆ ಮನೆಯವರು ಕೂದಲು ಸರಿಸಿ ನೋಡಿ, "ಚಿಗಟವೇ? ನಮ್ಮ ಮನೆಯಲ್ಲೇ? ಛೆ, ನಾವು ದಿನಾ ನೆಲ ಒರೆಸುತ್ತೇವೆ" ಎನ್ನುತ್ತಾರೆ. ತಾವು ಒಳಗೆ ಕೂತು ನಕ್ಕಿರಬೇಕು.

ನೆಕ್ಕುವುದೇ ರೋಗವೆಂದು ತಿಳಿದು ಬೆಕ್ಕಿನ ಕೊರಳಿಗೆ ಅಗಲವಾದ ಪ್ಲಾಸ್ಟಿಕ್ ಕಾಲರ್ ತೊಡಿಸಿ ಕೈತೊಳೆದುಕೊಳ್ಳುವವರಿಗೆ ತಮ್ಮ ಕುಲದವರು ಸನ್ಮಾನ ಮಾಡಲೇಬೇಕು. ಎಕ್‌ಸ್ಟೈನ್ ಮತ್ತು ಹಾರ್ಟ್ ಎಂಬ ಸಂಶೋಧಕರು ಚಿಗಟವಿದ್ದ ಮನೆಯ ಕೆಲವು ಬೆಕ್ಕುಗಳಿಗೆ ಅಂಥ ಕಾಲರ್ ತೊಡಿಸಿ, ಕೆಲವನ್ನು ಹಾಗೇ ಬಿಟ್ಟು ಮೂರು ವಾರ ನೋಡಿದರು. 2000ದಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕಾಲರ್ ತೊಟ್ಟವುಗಳ ಮೈಮೇಲೆ ಚಿಗಟಗಳು ಸುಮಾರು ಎರಡು ಪಟ್ಟು. ನೆಕ್ಕಿ ಹುಣ್ಣು ಮಾಡಿಕೊಂಡ ಬೆಕ್ಕಿಗೆ ಗಾಯ ಮಾಯುವ ತನಕ ಕಾಲರ್ ಬೇಕಾಗುತ್ತದೆ, ಒಪ್ಪೋಣ. ಆದರೆ ತುರಿಕೆಯ ಕಾರಣ ಹುಡುಕದೆ ನಾಲಿಗೆಯನ್ನು ಮಾತ್ರ ಕಟ್ಟಿಹಾಕುವುದು ತಮಗೆ ಮಾಡಿಕೊಡುವ ಪೊಲೀಸ್ ಬಂದೋಬಸ್ತು, ಅಷ್ಟೇ.

ತಾವು ಕಾಣದ ಮೇಲೆ ಅಪರಾಧಿ ಬೇರೊಬ್ಬರು ಬೇಕಲ್ಲ. ಆ ಪಟ್ಟವನ್ನು ಸುಬ್ಬಿಯ ಮನಸ್ಸಿಗೆ ಕಟ್ಟಿದರು. ಮನೆಯ ಹುಡುಗಿ ಪುಣೆಗೆ ಕೆಲಸಕ್ಕೆ ಹೋದಳಲ್ಲ, ಅದರ ಕೊರಗು ಎಂದರು ಮಹಡಿಮನೆಯ ಆಂಟಿ. ಎದುರು ಮನೆಗೆ ಗಡವ ಬೆಕ್ಕೊಂದು ಬಂದು ಸೇರಿದೆ, ಅದನ್ನು ಕಂಡರೆ ಇವಳಿಗೆ ಕಸಿವಿಸಿ ಎಂದರು ನಮ್ಮ ಭಾವ. ಅತ್ತೆಯವರು ದೃಷ್ಟಿಯೆಂದು ತೀರ್ಮಾನಿಸಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ತಾವು ಕೆಮ್ಮಿದ್ದು ಕೇಳಿಸಲಿಲ್ಲ. ಮನೆಯ ಮನುಷ್ಯರು ಮಂಕಾಗಿ ಕೂತರೆ "ಏಳು, ಏನಾದರೂ ಕೆಲಸ ನೋಡು" ಎನ್ನುವವರೇ ಬೆಕ್ಕಿನ ಖಿನ್ನತೆಯ ಬಗ್ಗೆ ಕಾಫಿ ಆರುವ ತನಕ ಮಾತಾಡಿದರು. ನಮ್ಮೊಳಗಿನ ಈ ಕರುಣೆಯನ್ನು ಬಡಿದೆಬ್ಬಿಸಿದ ಪುಣ್ಯ ತಮ್ಮದು.

ಈ ಕರುಣೆಗೆ ತಣ್ಣೀರೆರಚಿದ ಅಧ್ಯಯನವೊಂದು ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ 2006ರಲ್ಲಿ ಪ್ರಕಟವಾಗಿದೆ. ಮಾನಸಿಕ ಕಾರಣದಿಂದಲೇ ಕೂದಲು ಕಿತ್ತುಕೊಳ್ಳುತ್ತಿವೆ ಎಂಬ ಹಣೆಪಟ್ಟಿ ಹೊತ್ತು ಬಂದ 21 ಬೆಕ್ಕುಗಳನ್ನು ತಜ್ಞರು ಕೂಲಂಕಷವಾಗಿ ಪರೀಕ್ಷಿಸಿದರು. 16 ಬೆಕ್ಕುಗಳಿಗೆ ಇದ್ದದ್ದು ದೇಹದ ಕಾಯಿಲೆ. ಮೂರು ಬೆಕ್ಕುಗಳಲ್ಲಿ ದೇಹದ್ದೂ ಮನಸ್ಸಿನದೂ ಎರಡೂ ಸೇರಿದ್ದವು. ಬರೀ ಮನಸ್ಸಿನದು ಎನ್ನಬಹುದಾದವು ಎರಡೇ ಎರಡು. ಅಲ್ಲಿ ಹೆಚ್ಚು ಮತ ಬಿದ್ದದ್ದು ಆಹಾರಕ್ಕೆ: 12 ಬೆಕ್ಕುಗಳಿಗೆ ತಿನ್ನುವ ಊಟವೇ ಒಗ್ಗುತ್ತಿರಲಿಲ್ಲ. ತಮಗೆ ಕೊಂಚ ಮುಖಭಂಗವಾದರೂ, ತುರಿಕೆಯನ್ನು ಬಿಟ್ಟು ಕೊರಗನ್ನು ಹಿಡಿದುಕೊಂಡು ಕೂರುವ ನಮ್ಮ ಚಾಳಿ ತಮ್ಮ ಆಯುಸ್ಸನ್ನು ಎಷ್ಟು ಹೆಚ್ಚಿಸಿದೆಯೆಂದು ತಾವೂ ಬಲ್ಲಿರಿ.

ಇನ್ನು ತಮ್ಮ ಎಂಜಲಿನ ಮಹಿಮೆ. ಕಡಿಯುವಾಗ ತಾವು ಕೃಪೆಯಿಟ್ಟು ಒಂದಿಷ್ಟು ಎಂಜಲನ್ನು ಚರ್ಮದೊಳಗೆ ಬಿಡುತ್ತೀರಿ. ಕೆಲವು ಬೆಕ್ಕುಗಳ ದೇಹಕ್ಕೆ ಅದು ಆಗಿಬರುವುದಿಲ್ಲ, ಅಲರ್ಜಿ. ಅಂಥವಕ್ಕೆ ಒಂದೆರಡು ಕಡಿತವೇ ಸಾಕು, ಮುಂದೆ ಎಷ್ಟೋ ದಿನ ತುರಿಕೆ. ಬೆನ್ನ ಮೇಲೆ ಕೈಯಾಡಿಸಿದರೆ ರವೆ ಚೆಲ್ಲಿದಂತೆ ಸಣ್ಣ ಸಣ್ಣ ಹಕ್ಕಳೆಗಳು ತಗಲುತ್ತವೆ. ಅಲರ್ಜಿಯಿಲ್ಲದ ಬೆಕ್ಕು ಮೈತುಂಬ ತಮ್ಮನ್ನು ಹೊತ್ತು ನಿಶ್ಚಿಂತೆಯಿಂದ ಮಲಗಿರುತ್ತದೆ, ಅಲರ್ಜಿಯಿರುವುದು ಒಂದೇ ಚಿಗಟಕ್ಕೆ ಹೊಟ್ಟೆ ಬೋಳಿಸಿಕೊಳ್ಳುತ್ತದೆ. "ಒಂದೂ ಕಣ್ಣಿಗೆ ಬೀಳಲಿಲ್ಲ, ಆದ್ದರಿಂದ ಚಿಗಟವಲ್ಲ" ಎಂಬ ವಾದ ಹೀಗಾಗಿ ನಿಲ್ಲುವುದಿಲ್ಲ. ಒಂದೇ ಮನೆಯ ಎರಡು ಬೆಕ್ಕುಗಳಲ್ಲಿ ಒಂದು ತುಪ್ಪಳದ ಮುದ್ದೆಯಾಗಿಯೂ ಇನ್ನೊಂದು ಬೋಳಾಗಿಯೂ ಇರುವುದರ ರಹಸ್ಯವೂ ಇದೇ.

ಶ್ರೀಮತಿಯವರ ಸಂತಾನಭಾಗ್ಯದ ಬಗ್ಗೆ ಎರಡು ಮಾತು. ಮೊದಲ ರಕ್ತದೂಟವಾದ ಒಂದೆರಡು ದಿನದಲ್ಲೇ ಮೊಟ್ಟೆಯಿಡಲು ಕೂರುವ ತಾಯಿಯವರು, ಹುರುಪಿನ ದಿನಗಳಲ್ಲಿ ದಿನಕ್ಕೆ 40ರಿಂದ 50 ಮೊಟ್ಟೆ ಇಡುತ್ತಾರಂತೆ. ಮೊಟ್ಟೆಗಳು ಬೆಕ್ಕಿನ ಮೈಮೇಲೆ ನಿಲ್ಲುವುದಿಲ್ಲ. ಸುಬ್ಬಿ ಎಲ್ಲೆಲ್ಲಿ ಮಲಗುತ್ತಾಳೋ ಅಲ್ಲೆಲ್ಲ, ಅಂದರೆ ಮಡಚಿಟ್ಟ ಬಟ್ಟೆಯ ಮೇಲೆ, ಮಂಚದ ಕೆಳಗೆ, ಸೋಫಾದ ಸಂದಿಯಲ್ಲಿ ಉದುರುತ್ತವೆ. ಮರಿಗಳು ಬೆಳಕಿಗೆ ಅಂಜಿ ಕತ್ತಲ ಮೂಲೆ ಸೇರಿ, ಹಿರಿಯರು ವಿಸರ್ಜಿಸಿದ ಒಣರಕ್ತವನ್ನೇ ಉಂಡು ಬೆಳೆಯುತ್ತವೆ. ಹಿರಿಯರ ಪ್ರಸಾದವೆಂದರೆ ಇದು. ಆಮೇಲೆ ಅಂಟು ನೂಲಿನ ಗೂಡು ಕಟ್ಟಿಕೊಂಡು, ಅದರ ಮೇಲೆ ಮನೆಯ ಧೂಳನ್ನೇ ಹೊದ್ದು ಮಲಗುತ್ತವೆ. ಆ ಗೂಡಿನೊಳಕ್ಕೆ ಔಷಧ ಸರಿಯಾಗಿ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಕಾಯಬಲ್ಲವು. ಬೀಗ ಹಾಕಿ ಊರಿಗೆ ಹೋಗಿದ್ದವರು ಬಾಗಿಲು ತೆರೆದು ಕಾಲಿಟ್ಟರೆ ಸರಿ, ನಡೆದಾಡುವ ಅದುರು, ಮೈಯ ಬಿಸಿ, ಉಸಿರು ತಾಗಿ ಎಲ್ಲರೂ ಒಟ್ಟಿಗೆ ಎದ್ದು ಸ್ವಾಗತಕ್ಕೆ ಬರುತ್ತೀರಿ. ಬೆಕ್ಕಿನ ಮೇಲೆ ಕಾಣುವ ದೊಡ್ಡವರು ತಮ್ಮ ಒಟ್ಟು ಜನಸಂಖ್ಯೆಯ ನೂರಕ್ಕೆ ಐದು ಪಾಲು ಮಾತ್ರ ಎಂಬುದು ಪಶುವೈದ್ಯರ ಅಂದಾಜು. ಉಳಿದ ತೊಂಬತ್ತೈದು ಪಾಲು ನಮ್ಮ ಜೊತೆ ಸಂಸಾರ ಮಾಡುತ್ತಿದೆ. ಚಳಿದೇಶಗಳಲ್ಲಾದರೆ ಹಿಮ ಬಿದ್ದಾಗ ತಮ್ಮ ಆಟ ಸ್ವಲ್ಪ ತಗ್ಗುತ್ತದೆ. ಬೆಚ್ಚಗಿನ, ತೇವದ ನಮ್ಮ ಕರಾವಳಿ, ಮಲೆನಾಡುಗಳಲ್ಲಿ ತಮಗೆ ಆ ತಾಪತ್ರಯವೂ ಇಲ್ಲ.

ತಮ್ಮದು ಸಾಮಾನ್ಯ ಮನೆತನವೂ ಅಲ್ಲ. ಇಲಿಯಿಂದ ಇಲಿಗೆ ಪ್ಲೇಗ್ ದಾಟಿಸುವುದು ಚಿಗಟ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದು ತಮ್ಮ ದಾಯಾದಿ ಇಲಿಚಿಗಟ, ತಾವಲ್ಲ, ತಿಳಿದಿದೆ. ಆಗಲೂ ಲೋಕ ಬಹಳ ವರ್ಷ ಸಿಮೋಂ ಅವರನ್ನು ನಂಬಲಿಲ್ಲ. ಅನುಮಾನದಿಂದ ಜಾರಿಕೊಳ್ಳುವ ವಿದ್ಯೆ ತಮ್ಮ ವಂಶದಲ್ಲೇ ಬಂದಿದೆ. ಅದೇ ವರ್ಷ ಪ್ಲೇಗು ಬೆಂಗಳೂರಿಗೂ ಬಂತು. ಇಕ್ಕಟ್ಟಿನ ಪೇಟೆಗಳನ್ನು ಬಿಟ್ಟ ಜನ ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳಿಗೆ ನಡೆದರು. ಪ್ಲೇಗಿನಮ್ಮನಿಗೆ ಗುಡಿಗಳೂ ಎದ್ದವು. ಇಂದು ಆ ಬಡಾವಣೆಗಳ ಮನೆ ಬೆಲೆ ಕೇಳಿ ಎದೆ ಹಿಡಿದುಕೊಳ್ಳುವವರಿಗೆ, ಅದರ ಹಿಂದೆ ತಮ್ಮ ದಾಯಾದಿಗಳ ಪಾಲೂ ಇದೆಯೆಂದು ಯಾರು ಹೇಳಬೇಕು?

ಹೋಗುವಾಗಲೂ ಕಾಣಿಕೆ ಕೊಡದೆ ಹೋಗದ ದಾನಿಗಳು ತಾವು. ತಮ್ಮನ್ನು ನುಂಗಿದ ಬೆಕ್ಕಿನ ಕರುಳಲ್ಲಿ ಲಾಡಿಹುಳು ಬೆಳೆಯುವಂತೆ ಏರ್ಪಾಡು ಮಾಡಿರುತ್ತೀರಿ. ಬಾಲದ ಕೆಳಗೆ ಅಕ್ಕಿಕಾಳಿನಷ್ಟು ಬಿಳಿಯ ತುಣುಕುಗಳು ಕಂಡರೆ ಅದು ತಮ್ಮ ಮರಣೋತ್ತರ ಕಾಣಿಕೆ. ಜಂತುವಿನ ಮಾತ್ರೆ ಹಾಕಿದರೂ, ಚಿಗಟ ಉಳಿದಿದ್ದರೆ ಅದೂ ಮತ್ತೆ ಬರುತ್ತದೆ.

ಇಷ್ಟರ ತನಕ ಹೇಳಿದ್ದನ್ನೆಲ್ಲ ನಗುತ್ತ ಸಹಿಸಬಹುದಿತ್ತು. ಒಂದನ್ನು ಮಾತ್ರ ಕೈಮುಗಿದು, ಹಲ್ಲು ಕಚ್ಚಿಕೊಂಡು ಅರಿಕೆ ಮಾಡುತ್ತೇನೆ. ತಾವು ಕಚ್ಚಿ ಕೊಲ್ಲುವುದಕ್ಕಿಂತ, ತಮ್ಮನ್ನು ಕೊಲ್ಲಹೊರಟವರು ಬೆಕ್ಕನ್ನು ಕೊಲ್ಲುವುದೇ ಹೆಚ್ಚು ಸುಲಭ. ಸುಬ್ಬಿಯ ತುರಿಕೆಗೆ ಔಷಧ ಕೇಳಲು ಹೋದ ಅಂಗಡಿಯಲ್ಲಿ ಕೌಂಟರಿನ ಹುಡುಗ ನಾಯಿಯ ಚಿತ್ರವಿದ್ದ ಪೊಟ್ಟಣ ಮುಂದಿಟ್ಟು, "ನಾಯಿಗೂ ಬೆಕ್ಕಿಗೂ ಒಂದೇ ಮೇಡಂ, ಬೆಕ್ಕಿಗೆ ಅರ್ಧ ಹಾಕಿ" ಎಂದ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಪರ್ಮೆಥ್ರಿನ್ ಎಂದಿತ್ತು. ನಾಯಿ ಸಲೀಸಾಗಿ ಜೀರ್ಣಿಸಿಕೊಳ್ಳುವ ಈ ಔಷಧವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಹಚ್ಚಿದ ಕೆಲವೇ ಗಂಟೆಗಳಲ್ಲಿ ಮೈ ಅದುರತೊಡಗುತ್ತದೆ, ಸೆಳವು ಬರುತ್ತದೆ, ಚಿಕಿತ್ಸೆ ತಡವಾದರೆ ಬೆಕ್ಕು ಉಳಿಯುವುದಿಲ್ಲ. ಆಗಷ್ಟೇ ಹಚ್ಚಿಸಿಕೊಂಡ ನಾಯಿಯ ಮಗ್ಗುಲಿಗೆ ಒರಗಿ ಮಲಗಿದ ಬೆಕ್ಕಿಗೂ ಅಪಾಯವಿದೆ. ಇದರಲ್ಲಿ ಅರ್ಧ, ಕಾಲು ಎಂಬ ಲೆಕ್ಕವಿಲ್ಲ.

ಅಂಗಡಿಯವನಿಗಿಂತ ಒಂದು ಕೈ ಮೇಲಾದವರು ಬಳಗದಲ್ಲೇ ಇದ್ದಾರೆ. ಕರ್ಪೂರ ಅರೆದು ಹಚ್ಚಿ, ಬೇವಿನೆಣ್ಣೆ ಬಳಿಯಿರಿ, ಫಿನೈಲ್ ಹಾಕಿದ ನೀರಲ್ಲಿ ಸ್ನಾನ ಮಾಡಿಸಿ, ಊಟದಲ್ಲಿ ಬೆಳ್ಳುಳ್ಳಿ ಕೊಡಿ, ಸೀಮೆಎಣ್ಣೆ ಸವರಿ ಎನ್ನುತ್ತಾರೆ ಅವರು. ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೆ ಹಚ್ಚಿದ ಹಾಗೆಯೇ, ಅದು ನೆಕ್ಕಿಕೊಳ್ಳದೆ ಬಿಡುವುದೇ? ಕರ್ಪೂರವೂ ಫಿನೈಲೂ ಸೀಮೆಎಣ್ಣೆಯೂ ಅದಕ್ಕೆ ವಿಷ. ಬೆಳ್ಳುಳ್ಳಿ, ಈರುಳ್ಳಿ ಅದರ ರಕ್ತಕಣಗಳನ್ನೇ ಒಡೆಯುತ್ತವೆ. ಇಷ್ಟೊಂದು ಹಿತೈಷಿಗಳನ್ನು ಸಂಬಳವಿಲ್ಲದೆ ಕೆಲಸಕ್ಕಿಟ್ಟುಕೊಂಡ ತಮ್ಮ ಆಡಳಿತ ಚಾತುರ್ಯಕ್ಕೆ ನಮೋ ನಮಃ.

ತಮ್ಮ ವಕೀಲರು ಎದ್ದು, "ಎಲ್ಲವನ್ನೂ ನಮ್ಮ ಕಕ್ಷಿದಾರರ ತಲೆಗೇ ಕಟ್ಟುವುದು ನ್ಯಾಯವೇ?" ಎನ್ನಬಹುದು. ನ್ಯಾಯವಲ್ಲ. ನಮ್ಮ ಪಶುವೈದ್ಯರು ಮೊದಲು ಮಾಡಿದ್ದೇ ಒಂದೆರಡು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದ್ದು. ತುದಿ ಮುರಿದಿದ್ದರೆ ನೆಕ್ಕಿ ಹೋದದ್ದು, ತುದಿ ಚೂಪಾಗಿಯೇ ಉಳಿದಿದ್ದರೆ ತಾನಾಗಿ ಉದುರಿದ್ದು. ನೆಕ್ಕಿದ್ದೇ ಎಂದು ಗೊತ್ತಾದ ಮೇಲೂ ಶಂಕಿತರ ಸಾಲು ಉದ್ದವಿದೆ. ಕಣ್ಣಿಗೆ ಕಾಣದ ಕಜ್ಜಿಹುಳಗಳಿವೆ. ಮನೆಯ ಮಕ್ಕಳಿಗೂ ಅಂಟಬಲ್ಲ ಹುಳುಕಡ್ಡಿಯ ಶಿಲೀಂಧ್ರವಿದೆ. ಕೆಳಹೊಟ್ಟೆಯನ್ನಷ್ಟೇ ನೆಕ್ಕುತ್ತಿದ್ದರೆ ಒಳಗೆ ಮೂತ್ರಕೋಶ ನೋಯುತ್ತಿರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ತಿಣುಕಿಯೂ ಮೂತ್ರ ಬಾರದಿದ್ದರೆ ನಾಳೆಯ ತನಕ ಕಾಯುವಂತಿಲ್ಲ, ಅದೇ ಹೊತ್ತಿಗೆ ಆಸ್ಪತ್ರೆ. ವಯಸ್ಸಾದ ಬೆಕ್ಕು ಒಂದೇ ಕೀಲನ್ನು ಹಿಡಿದು ನೆಕ್ಕಿದರೆ ಸಂಧಿನೋವು, ಚೆನ್ನಾಗಿ ತಿಂದೂ ಬಡಕಲಾಗುತ್ತಿದ್ದರೆ ಥೈರಾಯ್ಡ್.

ಆಹಾರದ ಅಲರ್ಜಿಯನ್ನು ಪತ್ತೆಮಾಡುವುದು ಇವೆಲ್ಲಕ್ಕಿಂತ ಕಷ್ಟ, ಏಕೆಂದರೆ ಅದು ಮನೆಯವರ ಪರೀಕ್ಷೆ. ವೈದ್ಯರು ಹೇಳಿದ, ಬೆಕ್ಕು ಹಿಂದೆಂದೂ ತಿನ್ನದ ಮಾಂಸದ ಆಹಾರವನ್ನೋ ಅದಕ್ಕೆಂದೇ ತಯಾರಾದ ವಿಶೇಷ ಆಹಾರವನ್ನೋ ಎಂಟು ವಾರ ಬಿಡದೆ ಕೊಡಬೇಕು. ಬೇರೆ ಒಂದು ತುತ್ತೂ ಕೂಡದು. ಅತ್ತೆಯವರು ಮೊಸರನ್ನದ ಕೊನೆಯ ತುತ್ತನ್ನು ಮೇಜಿನ ಕೆಳಗೆ ಇಳಿಬಿಟ್ಟರೆ, ಮೀನು ಹೆಚ್ಚುವಾಗ ಒಂದು ತಲೆ ಜಾರಿ ಬಿದ್ದರೆ, ಲೆಕ್ಕ ಮತ್ತೆ ಮೊದಲಿನಿಂದ. ತುಂಬು ಸಂಸಾರದಲ್ಲಿ ಎಂಟು ವಾರ ಒಂದು ಬೆಕ್ಕಿಗೆ ಯಾರೂ ಏನೂ ಕೊಡದಿರುವುದು ಮಗಳ ಮದುವೆಯನ್ನು ಸಾಲವಿಲ್ಲದೆ ಮುಗಿಸುವುದಕ್ಕಿಂತ ಕಷ್ಟ.

ಎಲ್ಲ ಪರೀಕ್ಷೆ ಮುಗಿದು ಏನೂ ಸಿಗದಿದ್ದರೆ, ಆಗ ಮನಸ್ಸು. ಆಗಲೂ ಬೆಕ್ಕನ್ನು ಗದರುವುದರಿಂದ ನೆಕ್ಕುವುದು ಹೆಚ್ಚಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಅದಕ್ಕೆ ಬೇಕಾದದ್ದು ಹತ್ತಿ ಕೂರಲು ಎತ್ತರದ ಜಾಗ, ಬಚ್ಚಿಟ್ಟುಕೊಳ್ಳಲು ಒಂದು ಮೂಲೆ, ಹೊತ್ತಿಗೆ ಸರಿಯಾಗಿ ಊಟ, ದಿನವೂ ಸ್ವಲ್ಪ ಆಟ, ಮನೆಯಲ್ಲಿರುವ ಬೆಕ್ಕುಗಳ ಲೆಕ್ಕಕ್ಕಿಂತ ಒಂದು ಹೆಚ್ಚು ಮಲಮೂತ್ರದ ಮಣ್ಣಿನ ತಟ್ಟೆ. ಅಷ್ಟಕ್ಕೂ ತಗ್ಗದಿದ್ದರೆ ವೈದ್ಯರಲ್ಲಿ ಮಾತ್ರೆಗಳಿವೆ. ಆದರೆ ಆ ಸರದಿ ಕೊನೆಯದು. ನಮ್ಮ ಬಳಗದಲ್ಲಿ ಅದು ಮೊದಲನೆಯದಾಗಿತ್ತು.

ಹೀಗಿರುವಲ್ಲಿ, ಪೂಜ್ಯರೇ, ತಾವು ದಯಮಾಡಿ ಮನೆ ಖಾಲಿ ಮಾಡಬೇಕೆಂದು ಸವಿನಯ ಪ್ರಾರ್ಥನೆ. ತಮ್ಮ ವಾಸ್ತವ್ಯಕ್ಕೆ ದಾಖಲೆ ಸಿಕ್ಕಿದೆ. ಒತ್ತು ಹಲ್ಲಿನ ಹೇನು ಬಾಚಣಿಗೆಯಿಂದ ಸುಬ್ಬಿಯ ಬಾಲದ ಬುಡವನ್ನು ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿದೆವು. ಬರೀ ಮಣ್ಣಾಗಿದ್ದರೆ ಮಣ್ಣಾಗಿಯೇ ಇರುತ್ತಿತ್ತು. ಅದು ಸುತ್ತಲೂ ಕೆಂಪಗೆ ಹರಡಿತು: ಸುಬ್ಬಿಯ ರಕ್ತ, ತಮ್ಮ ಹೊಟ್ಟೆಯ ಮೂಲಕ ಬಂದದ್ದು. ಇದಕ್ಕಿಂತ ಸ್ಪಷ್ಟವಾದ ರುಜು ಯಾವ ಬಾಡಿಗೆದಾರನೂ ಹಾಕಿಕೊಟ್ಟಿಲ್ಲ.

ವೈದ್ಯರು ಬರೆದುಕೊಟ್ಟ, ಬೆಕ್ಕಿನ ತೂಕಕ್ಕೆ ಹೊಂದುವ ಹನಿ ಔಷಧ ಅವಳ ನಾಲಿಗೆಗೆ ಎಟುಕದ ಕತ್ತಿನ ಹಿಂಭಾಗಕ್ಕೆ ಬಿದ್ದಿದೆ, ತಿಂಗಳಿಗೊಮ್ಮೆ ಬೀಳುತ್ತಿರುತ್ತದೆ. ಹಿತ್ತಲು ಬಿಟ್ಟು ಎಲ್ಲಿಗೂ ಹೋಗದ ಇನ್ನೊಂದು ಬೆಕ್ಕಿಗೂ, ಏನೂ ತುರಿಸುತ್ತಿಲ್ಲವೆಂದು ಹೇಳಿಕೊಳ್ಳುವ ಮನೆಯ ನಾಯಿಗೂ ಅವರವರದೇ ಔಷಧ ಆಗಿದೆ. ಒಬ್ಬರನ್ನು ಬಿಟ್ಟರೂ ತಾವು ಅವರ ಮನೆಗೆ ವರ್ಗಾವಣೆ ಮಾಡಿಸಿಕೊಳ್ಳುತ್ತೀರೆಂದು ಬಲ್ಲೆವು. ಹಾಸು, ಹೊದಿಕೆ, ಬೆಕ್ಕಿನ ಬುಟ್ಟಿಯ ಬಟ್ಟೆ ಎಲ್ಲ ವಾರಕ್ಕೊಮ್ಮೆ ಬಿಸಿನೀರು ಕಂಡು ಬಿಸಿಲಿಗೆ ಬೀಳುತ್ತವೆ. ಸೋಫಾದ ಸಂದಿಗೆ ವ್ಯಾಕ್ಯೂಮ್ ಕ್ಲೀನರ್ ಇಳಿದಿದೆ, ಅದರ ಧೂಳು ಅಂದೇ ಮನೆಯಿಂದಾಚೆ. ಗೂಡಿನಲ್ಲಿ ಮಲಗಿರುವ ತಮ್ಮ ಕಿರಿಯರು ಎದ್ದೆದ್ದು ಬರುವುದನ್ನು ನಾವು ಮೂರು ತಿಂಗಳಾದರೂ ಹೀಗೇ ಕಾದು ಎದುರುಗೊಳ್ಳಲಿದ್ದೇವೆ. ಮೊದಲ ತಿಂಗಳಲ್ಲಿ ನಾಲ್ಕು ಚಿಗಟ ಕಂಡವೆಂದು "ಔಷಧ ಕೆಲಸ ಮಾಡಲಿಲ್ಲ" ಎಂದು ಕೈಬಿಡುವ ಮನೆ ಇದಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.

ತಮ್ಮ ಪಾದಾರವಿಂದಗಳಿಗೆ (ಆರು ಎಂದು ನೆನಪು) ಮತ್ತೊಮ್ಮೆ ವಂದಿಸುತ್ತ,

ಇಂತು ತಮ್ಮ ವಿಧೇಯರು,
ಸುಬ್ಬಿಯ ಮನೆಯವರು

ವಿ.ಸೂ.: ಈ ಪತ್ರವನ್ನು ಚಿಗಟರಾಯರಿಗಿಂತ ಮೊದಲು ಓದಿದ ಬೆಕ್ಕಿನ ಮನೆಯವರಲ್ಲಿ ಒಂದು ಕೋರಿಕೆ. ಔಷಧ ಕೊಳ್ಳುವಾಗ ಪೊಟ್ಟಣದ ಮೇಲೆ ಬೆಕ್ಕಿಗೆ ಎಂದು ಬರೆದಿದೆಯೇ, ಎಷ್ಟು ತೂಕದ ಬೆಕ್ಕಿಗೆ ಎಂದಿದೆ ಎಂದು ನೋಡಿ, ಮರಿಯಾಗಿದ್ದರೆ ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬೇಡಿ. ತುರಿಕೆ ನಿಂತ ಮೇಲೆ ಹೊಟ್ಟೆಯ ಕೂದಲು ಕೆಲವು ವಾರಗಳಲ್ಲಿ ತಾನಾಗಿ ಮೊಳೆಯುತ್ತದೆ. ಮೂರು ತಿಂಗಳು ಚಿಗಟದ ಔಷಧ ತಪ್ಪದೆ ಹಾಕಿಯೂ ಬೆಕ್ಕು ನೆಕ್ಕುತ್ತಲೇ ಇದ್ದರೆ, ಚಿಗಟವನ್ನು ಬೈಯುವುದು ನಿಲ್ಲಿಸಿ ಮತ್ತೆ ಪಶುವೈದ್ಯರ ಬಳಿಗೆ ಹೋಗಿ.